ಹಟ್ಟಿಯ ಸೊತ್ತು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಒಂದು ಪರಿಚಯ

ಚಿತ್ರದುರ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಬಳ್ಳಾರಿಯ ಬಯಲಿಗೂ ಆಂಧ್ರದ ರಾಯದುರ್ಗ ಸೀಮೆಗೂ ಒತ್ತಾಗಿ ಹಬ್ಬಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡನಾಡಿನ ಅತ್ಯಂತ ಶುಷ್ಕ ಪ್ರದೇಶಗಳ ಸಾಲಿಗೆ ಸೇರಿದವು. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಂತುಬಿಡುವ, ಆ ಮಳೆಯೂ ಹದಕ್ಕೆ ಬರುವುದೆಂಬ ಭರವಸೆಯಿಲ್ಲದ ಈ ನೆಲದಲ್ಲಿ ಕೆಂಪು ಮರಳುಮಣ್ಣು, ಅಲ್ಲಲ್ಲಿ ಎರೆ, ನಡುನಡುವೆ ಬೋಳು ಬಂಡೆಗುಡ್ಡಗಳು, ಜಾಲಿ ಬಾರೆಗಳ ಕುರುಚಲು, ಇವಿಷ್ಟೇ ದಾರಿಹೋಕನ ಕಣ್ಣಿಗೆ ಬೀಳುವ ಸಂಪತ್ತು. ಆದರೆ ಮನುಷ್ಯವಾಸ ಇಲ್ಲಿ ಅತಿ ಪ್ರಾಚೀನವಾದುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯ ಅಡಿಯನ್ನು ಅಗೆಸಿ, ಬೃಹತ್ ಶಿಲಾಗೋರಿಗಳ ಜನರೂ ಅವರಿಗಿಂತ ಹಿಂದಿನವರೂ ಇಲ್ಲಿ ಬಾಳಿದ್ದ ಕುರುಹುಗಳನ್ನು ತೋರಿಸಿದರು. ತಾಯಿತಂದೆಗಳಲ್ಲಿ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಮಾತಿನಲ್ಲಿ ಸತ್ಯ ಎಂದು ಬಂಡೆಯ ಮೇಲೆ ಬೋಧಿಸಿದ ಆ ಅರಸನ ಉಪದೇಶದ ಎರಡನೆಯ ಭಾಗವನ್ನು, ಶಾಸನವನ್ನು ಓದದೆಯೇ ಆಚರಿಸಿಕೊಂಡು ಬಂದ ಜನರು ಈ ಬಯಲಿನ ಹಟ್ಟಿಗಳಲ್ಲಿ ಇಂದಿಗೂ ಇದ್ದಾರೆ.

ಹಟ್ಟಿಯೆಂದರೆ ದನಕುರಿಗಳ ಸುತ್ತ ಬೆಳೆದ ಊರು. ಈ ಸೀಮೆಯ ಪಶುಪಾಲಕ ಸಮುದಾಯಗಳಾದ ಮ್ಯಾಸಬೇಡರದಾಗಲಿ, ಕಾಡುಗೊಲ್ಲರದಾಗಲಿ, ಹಳೆಯ ಹಟ್ಟಿಯೊಂದನ್ನು ಹೊಕ್ಕರೆ ಮೊದಲು ಎದುರಾಗುವುದು ಮುಳ್ಳಿನ ಬೇಲಿ. ಅನಂತರ ಕುರಿಮರಿಗಳ ರೊಪ್ಪ, ಶೇಂಗಾ ಹೊಟ್ಟಿನ ಬಣವೆ, ಬೇವಿನ ನೆರಳಿನ ಕಟ್ಟೆ, ದೇವರ ಗುಡಿ. ಮನೆಗಳು ಇವೆಲ್ಲದರ ನಂತರ. ಮುಳ್ಳು ಇಲ್ಲಿ ಕೇವಲ ಬೇಲಿಯ ಸಾಮಗ್ರಿಯಲ್ಲ. ಪುರ್ಲೆಹಳ್ಳಿಯ ಬಳಿ ನೆರೆಯುವ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲರು ಬಾರೆಮುಳ್ಳನ್ನು ಒಟ್ಟಿ ಎತ್ತರವಾದ ಗುಡಿ ಕಟ್ಟುತ್ತಾರೆ. ಬರಿಗಾಲಿನ ತರುಣರು ಅದನ್ನೇರಿ ತುದಿಯ ಕಳಶವನ್ನು ಕಿತ್ತು ತರುತ್ತಾರೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿಯನ್ನೂ ಹಂದಿಯನ್ನೂ ಸಾಕದ ಸಂಪ್ರದಾಯವಿದೆ. ನಾಲ್ಕಾರು ಹಟ್ಟಿಗಳ ನ್ಯಾಯನಿರ್ಣಯಗಳನ್ನು ಕಟ್ಟೆಮನೆಯ ಹಿರಿಯರು ಕೂಡಿ ಮಾಡುವ ಪದ್ಧತಿಯಿದೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಅಂತಹ ಕಟ್ಟೆಮನೆಗಳಲ್ಲಿ ಹೆಸರಾದುದು.

ಈ ಹಟ್ಟಿಗಳ ಜೀವನವನ್ನು ಅರಿಯಬೇಕಾದರೆ ಅಲ್ಲಿನ ಸೊತ್ತು ಮೂರು ಬಗೆಯದೆಂಬುದನ್ನು ಮೊದಲು ತಿಳಿಯಬೇಕು: ಮೊದಲನೆಯದು ಮನೆಯವರದು, ಎರಡನೆಯದು ದೇವರದು, ಮೂರನೆಯದು ಎಲ್ಲರದು.

ಮನೆಯ ಸೊತ್ತೆಂದರೆ ಹೊಲ. ಆಷಾಢದ ಮಳೆ ಬಿದ್ದೊಡನೆ ಕೂರಿಗೆ ಕಟ್ಟಿ ಬಿತ್ತುವ ಶೇಂಗಾ ಇಲ್ಲಿಯ ಪ್ರಧಾನ ಬೆಳೆ. ಅದರ ಸಾಲುಗಳ ನಡುವೆ ತೊಗರಿ, ಹರಳು, ಅಲಸಂದೆಗಳ ಅಕ್ಕಡಿ. ಶೇಂಗಾ ಕೈಕೊಟ್ಟ ವರ್ಷ ಅಕ್ಕಡಿಯಾದರೂ ಒಲೆಯ ಮೇಲಿನ ಮಡಕೆಯನ್ನು ಕಾಯಲಿ ಎಂಬುದು ಹಿರಿಯರ ಲೆಕ್ಕಾಚಾರ. ಈ ಶೇಂಗಾವನ್ನೇ ನಂಬಿ ಚಳ್ಳಕೆರೆಯಲ್ಲಿ ಎಣ್ಣೆಗಿರಣಿಗಳು ಎದ್ದು, ಪಟ್ಟಣಕ್ಕೆ ಎಣ್ಣೆಯ ನಗರವೆಂಬ ಖ್ಯಾತಿ ಬಂದಿತು. ಆ ಪಟ್ಟಣದ ಕಂಬಳಿಯ ವ್ಯಾಪಾರವೂ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳೂ ನೆಲವಿಲ್ಲದ ಎಷ್ಟೋ ಮನೆಗಳಿಗೆ ಅನ್ನವಿಕ್ಕಿದವು. ಆದರೆ ಹೊಲಕ್ಕೆ ಗೊಬ್ಬರ ಬೇಕು. ಬೆಳೆ ಕಿತ್ತ ಹೊಲದಲ್ಲಿ ರಾತ್ರಿಯ ಹೊತ್ತು ಕುರಿಮಂದೆಯನ್ನು ನಿಲ್ಲಿಸಿಕೊಂಡು, ಅದಕ್ಕೆ ಪ್ರತಿಯಾಗಿ ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುವ ರೂಢಿ ಇದರಿಂದ ಹುಟ್ಟಿತು. ಹೊಲದವನಿಗೆ ಕುರಿಯ ಹಂಗು, ಕುರಿಯವನಿಗೆ ಹುಲ್ಲಿನ ಹಂಗು.

ಎರಡನೆಯದು ದೇವರ ಎತ್ತುಗಳು. ಹರಕೆ ಹೊತ್ತ ಮನೆಯವರು ಕರುವೊಂದನ್ನು ದೇವರ ಮಂದೆಗೆ ಬಿಟ್ಟರೆಂದರೆ ಅಲ್ಲಿಗೆ ಅದರ ಮೇಲಿನ ಅವರ ಸ್ವಾಮ್ಯ ತೀರಿತು. ಅದನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಚರ್ಮ ಸುಲಿಯುವಂತಿಲ್ಲ. ಹಟ್ಟಿಯ ಹಿರಿಯನೊಬ್ಬನಿಗೆ ಸಲ್ಲುವ ಮರ್ಯಾದೆಯಿಂದ ಅದನ್ನು ಮಣ್ಣುಮಾಡಬೇಕು. ಮಂದೆಯನ್ನು ಕಾಯುವವನು ಕಿಲಾರಿ. ಸಂಜೆಯ ವೇಳೆ ದನಗಳು ದೊಡ್ಡಿಗೆ ಮರಳುವಾಗ ಅವನು ಬಾಗಿಲ ಬಳಿ ಕೋಲೂರಿ ನಿಲ್ಲುವ ರೀತಿಯನ್ನು ಗಮನಿಸಬೇಕು: ಎಣಿಸುವುದಿಲ್ಲ, ಕೊಂಬಿನ ಬಾಗು, ಮೈಯ ಬಣ್ಣ, ನಡಿಗೆಯ ಗತಿ ಇವುಗಳಿಂದಲೇ ಯಾವುದು ಬಂದಿತು, ಯಾವುದು ಹಿಂದುಳಿಯಿತು ಎಂದು ಅರಿತು, ಬಾರದುದರ ಹೆಸರು ಹಿಡಿದು ಕೂಗುತ್ತಾನೆ. ಇವು ಯಾರವೆಂದು ಕೇಳಿದರೆ, “ನಮ್ಮವಲ್ಲ ಸ್ವಾಮಿ, ದೇವ್ರವು” ಎಂಬ ಉತ್ತರ ಬರುತ್ತದೆ. ಅವನ ಕಾಯಕಕ್ಕೆ ಹಟ್ಟಿಯವರು ಕೂಡಿಸಿ ಕೊಡುವ ದವಸವೇ ಸಂಬಳ. ಯಾರಿಗೂ ಲಾಭ ತಾರದ ಈ ಸೊತ್ತನ್ನು ಉಳಿಸಲು ಇಡೀ ಸಮುದಾಯ ವೆಚ್ಚ ಮಾಡುವುದನ್ನು ಅರ್ಥಶಾಸ್ತ್ರಜ್ಞನು ಅಪವ್ಯಯವೆಂದಾನು. ಆದರೆ ಹತ್ತು ಹಟ್ಟಿಗಳನ್ನು ಒಂದು ಗುಡಿಕಟ್ಟಿಗೆ, ಎಂದರೆ ಒಂದೇ ದೇವರ ಒಕ್ಕಲಿಗೆ, ಬಿಗಿದಿರುವ ಹಗ್ಗ ಇದೇ ಎಂಬುದನ್ನು ಇಲ್ಲಿ ನಾಲ್ಕು ದಿನ ಇದ್ದವರು ಅಲ್ಲಗಳೆಯಲಾರರು.

ಹೊಲಕ್ಕೆ ಗೊಬ್ಬರ ಕೊಡುವ ಕುರಿಯೂ ದೇವರ ಎತ್ತೂ ಮೇಯುವುದು ಮೂರನೆಯ ಸೊತ್ತಿನಲ್ಲಿ, ಎಂದರೆ ಕಾವಲಿನಲ್ಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು, ಫಿರಂಗಿಯೆಳೆಯುವ ಎತ್ತುಗಳ ಆ ತಳಿಗಾಗಿ ವಿಶಾಲವಾದ ಹುಲ್ಲುಗಾವಲುಗಳು ಮೀಸಲಾದುವು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಅವುಗಳನ್ನು ವಿಂಗಡಿಸಲಾಗಿತ್ತು. ಸೈನ್ಯಕ್ಕೆ ಎತ್ತುಗಳು ಬೇಡವಾದ ಮೇಲೂ ಕಾವಲುಗಳು ಉಳಿದುವು. ಕಡತದಲ್ಲಿ ಸರ್ಕಾರದ್ದಾದ ಆ ಹುಲ್ಲು ಬಳಕೆಯಲ್ಲಿ ಸುತ್ತಣ ಹಟ್ಟಿಗಳದಾಯಿತು: ದನಕ್ಕೆ ಮೇವು, ಒಲೆಗೆ ಸೌದೆ, ಹಸಿದ ಕಾಲಕ್ಕೆ ಕಾರೆ, ಬಾರೆ, ಸೀತಾಫಲ. ಕೃಷ್ಣಮೃಗವೂ ಅಲ್ಲಿಯೇ ಮೇಯುತ್ತಿತ್ತು.

ಈ ಶತಮಾನದ ಮೊದಲ ದಶಕದ ಕೊನೆಯಿಂದ ಈಚೆಗೆ, ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆಯನ್ನು ಸರ್ಕಾರವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ ಸುಮಾರು 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಹುಲ್ಲುಗಾವಲಿನ ಸುತ್ತ ಗೋಡೆಗಳೆದ್ದುವು. ಗ್ರಾಮಸ್ಥರು ಪ್ರತಿಭಟಿಸಿದರು, ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು, 2017ರ ಮೇ ತಿಂಗಳಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು ಉದ್ಘಾಟನೆಗೊಂಡಿತು. ವಿಜ್ಞಾನವು ದೇಶಕ್ಕೆ ಅಗತ್ಯವಲ್ಲವೆಂದು ಯಾರೂ ಹೇಳಲಾರರು. ಪ್ರಶ್ನೆ ಅದಲ್ಲ. ಹೊಲ ಹೋದವನ ಕೈಯಲ್ಲಿ ಪಹಣಿಯಿರುತ್ತದೆ, ಪರಿಹಾರ ಕೇಳಲು ಅವನಿಗೊಂದು ಆಧಾರವಿರುತ್ತದೆ. ತಲೆಮಾರುಗಳಿಂದ ಮೇಯಿಸಿಕೊಂಡು ಬಂದವನ ಹಕ್ಕು ಯಾವ ಪಹಣಿಯಲ್ಲಿಯೂ ಇಲ್ಲದ ಕಾರಣ, ಕಾನೂನಿನ ದೃಷ್ಟಿಯಲ್ಲಿ ಅವನು ಕಳೆದುಕೊಂಡದ್ದೇ ಏನೂ ಇಲ್ಲ.

ಇದು ಈ ಸೀಮೆಯೊಂದರ ಕಥೆಯಲ್ಲ. ಇಂಡೋನೇಷ್ಯದ ಒಳನಾಡಿನ ಕೃಷಿಕ ಹಳ್ಳಿಗಳಲ್ಲಿಯೂ ಮನೆಯ ಗದ್ದೆಯ ಜೊತೆಗೆ, ಹಳೆಯ ಕಟ್ಟಳೆಯಂತೆ ಊರೆಲ್ಲ ಅನುಭವಿಸುವ ಕಾಡು ಇರುತ್ತದೆ. ಆ ದೇಶದ ಸರ್ಕಾರವು ದೀರ್ಘಕಾಲ ಅದನ್ನು ತನ್ನ ಸ್ವಂತದ್ದೆಂದು ಭಾವಿಸಿ ಪರರಿಗೆ ಕೊಡುತ್ತ ಬಂದಿತು. 2013ರ ಮೇ ತಿಂಗಳಿನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು, ಸಂಪ್ರದಾಯಬದ್ಧ ಸಮುದಾಯಗಳ ಕಾಡು ಸರ್ಕಾರದ ಕಾಡಲ್ಲವೆಂದು ತೀರ್ಪಿತ್ತಿತು. ತೀರ್ಪು ಬಂದ ಮಾತ್ರಕ್ಕೆ ಎಲ್ಲ ಕಾಡುಗಳೂ ಹಳ್ಳಿಗಳಿಗೆ ಮರಳಲಿಲ್ಲ. ಆದರೂ ರೂಢಿಯ ಹಕ್ಕು ಹಕ್ಕೇ ಎಂಬುದನ್ನು ಉಚ್ಚ ಪೀಠವೊಂದು ಒಪ್ಪಿದ್ದು ಅಲ್ಪವಾದ ಸಂಗತಿಯಲ್ಲ.

ಹಟ್ಟಿಯ ಹಳೆಯ ವ್ಯವಸ್ಥೆಯೆಲ್ಲವೂ ನಿರ್ದೋಷವೆಂದು ಇದರಿಂದ ತಿಳಿಯಬಾರದು. ಎಲ್ಲರದು ಎನ್ನುವಲ್ಲಿ ಹೆಂಗಸರ ಮಾತಿಗೆ ಕಟ್ಟೆಯ ಮೇಲೆ ಎಡೆಯಿರಲಿಲ್ಲ. ಮುಟ್ಟಾದವರನ್ನೂ ಬಾಣಂತಿಯರನ್ನೂ ಮುಳ್ಳುಬೇಲಿಯ ಹೊರಗಿನ ಗುಡಿಸಲಿನಲ್ಲಿ ಮಳೆಗಾಳಿಗೆ ಬಿಡುವ ಗೊಲ್ಲರ ಹಟ್ಟಿಗಳ ಕಟ್ಟಳೆಯು ಈಗಲೂ ಪೂರ್ತಿಯಾಗಿ ಅಳಿದಿಲ್ಲ. ಹೆಣ್ಣುಮಕ್ಕಳು ಓದಿ ನೌಕರಿ ಹಿಡಿದ ಮನೆಗಳಲ್ಲಿ ಅದು ಸಡಿಲಗೊಳ್ಳುತ್ತಿದೆ. ಇತ್ತ ಕಾವಲು ಗೋಮಾಳಗಳ ಅಂಚನ್ನು ಒತ್ತಿ ಉತ್ತು, ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರಲ್ಲಿ ಹಟ್ಟಿಯವರೂ ಇದ್ದಾರೆ. ಎಲ್ಲರ ಸೊತ್ತಿಗೆ ದಾಖಲೆಯಿಲ್ಲ, ತನ್ನ ಸೊತ್ತಿಗೆ ಮಾತ್ರ ಇದೆ ಎಂಬುದನ್ನು ಕಣ್ಣಾರೆ ಕಂಡ ರೈತನು ಎಲ್ಲರದರಲ್ಲಿ ಒಂದು ತುಂಡನ್ನು ತನ್ನದಾಗಿಸಿಕೊಳ್ಳಲು ಹವಣಿಸಿದರೆ, ಅವನೊಬ್ಬನನ್ನೇ ದೂರುವುದು ನ್ಯಾಯವಾಗದು.

ಬರಗಾಲ ಬಂದಾಗ ಈ ತಾಲ್ಲೂಕುಗಳಲ್ಲಿ ಗೋಶಾಲೆಗಳು ತೆರೆಯುತ್ತವೆ. ದೇವರ ಎತ್ತುಗಳಿಗೆ ಮೇವು ಕೊಡಿರೆಂದು ಕಿಲಾರಿಗಳು ತಾಲ್ಲೂಕು ಕಚೇರಿಗೆ ಮನವಿ ಒಪ್ಪಿಸುತ್ತಾರೆ. ದೂರದಿಂದ ತಂದ ಮೇವನ್ನು ಸರ್ಕಾರ ಹಂಚುತ್ತದೆ. ಹುಲ್ಲು ಬೆಳೆಯುತ್ತಿದ್ದ ನೆಲವನ್ನು ಹಂಚಿದವರೇ ಹುಲ್ಲನ್ನು ಕೊಂಡು ತರುವ ಈ ವಿಪರ್ಯಾಸವನ್ನು ತಪ್ಪಿಸಲು ದೊಡ್ಡ ಯೋಜನೆ ಬೇಕಿಲ್ಲ. ಉಳಿದಿರುವ ಕಾವಲು ಗೋಮಾಳಗಳನ್ನು ಅಳೆದು ಎಲ್ಲೆಕಲ್ಲು ನೆಡಬೇಕು. ಯಾವ ಹಟ್ಟಿಯ ಯಾವ ಮಂದೆ ಯಾವ ಋತುವಿನಲ್ಲಿ ಎಲ್ಲಿ ಮೇಯುತ್ತದೆಂಬುದನ್ನು, ಕಟ್ಟೆಮನೆಯ ಹಿರಿಯರನ್ನೂ ಹಟ್ಟಿಯ ಹೆಂಗಸರನ್ನೂ ಕೂಡಿಸಿ ಕೇಳಿ, ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ಯಾರಾದರೂ ಆ ನೆಲವನ್ನು ಕೇಳಲು ಬಂದಾಗ, ಅದು ಖಾಲಿ ನೆಲವಲ್ಲವೆಂದು ಹೇಳಲು ಅಷ್ಟಾದರೂ ಬರಹ ಇರಬೇಕು.