ಹಳೇ ಪೇಪರಿನ ಹುಲಿ, ರಂಗಾಯಣದ ಬೇಸಿಗೆ

ಬೇಸಿಗೆ ರಜೆ ಶುರುವಾಯಿತೆಂದರೆ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಅಂಗಳ ಮಕ್ಕಳ ವಶ. ವರ್ಷವಿಡೀ ದೊಡ್ಡವರ ತಾಲೀಮು ನಡೆಯುವ ಜಾಗದಲ್ಲಿ ಆಗ ತಮಟೆ, ಬಣ್ಣದ ಡಬ್ಬಿ, ಕೂಗಾಟ. ಊರಿನವರಿಗೆ ಇದು ‘ಚಿಣ್ಣರ ಮೇಳ’.

1989ರಲ್ಲಿ ಶುರುವಾದ ರಂಗಾಯಣದ ಮೊದಲ ನಿರ್ದೇಶಕರು ಬಿ.ವಿ. ಕಾರಂತರು. ಸ್ವತಃ ಹುಡುಗನಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿದವರು. ಕಲ್ಲು, ತಗಡು, ಬಿದಿರು ಏನು ಸಿಕ್ಕರೂ ಅದರಿಂದ ನಾದ ಹೊರಡಿಸುತ್ತಿದ್ದರು. ಟಾಗೋರರ ಗಿಣಿಯ ಕತೆಯನ್ನು ಅವರು ಮಕ್ಕಳಿಗಾಗಿ ‘ಪಂಜರ ಶಾಲೆ’ ಎಂಬ ನಾಟಕ ಮಾಡಿದರು. ಹಕ್ಕಿಗೆ ವಿದ್ಯೆ ಕಲಿಸಲು ಹೊರಟ ದೊಡ್ಡವರು ಚಿನ್ನದ ಪಂಜರ ಕಟ್ಟಿಸುತ್ತಾರೆ, ಬಾಯಿಗೆ ಪುಸ್ತಕದ ಹಾಳೆ ತುರುಕುತ್ತಾರೆ. ಹಕ್ಕಿ ಮಾತ್ರ ಉಳಿಯುವುದಿಲ್ಲ. ಶಾಲೆಗೆ ಹೋಗುವ ಮಕ್ಕಳೇ ಇದನ್ನು ಆಡಿದಾಗ ನೋಡುತ್ತ ಕೂತ ಅಪ್ಪ ಅಮ್ಮಂದಿರಿಗೆ ಚುರುಕ್ಕೆನ್ನದೆ ಇರುವುದಿಲ್ಲ.

ನನ್ನ ಮಟ್ಟಿಗೆ ಇಂಥ ಮೇಳಗಳ ಜೀವ ಕೊನೆಯ ದಿನದ ನಾಟಕದಲ್ಲಿಲ್ಲ, ಅದಕ್ಕೆ ಮುಂಚಿನ ಕೈಕೆಲಸದಲ್ಲಿದೆ. ಹುಲಿಯ ಮುಖವಾಡವನ್ನೇ ನೋಡಿ. ಹಳೇ ಪೇಪರನ್ನು ಕತ್ತರಿಯಿಂದ ಕತ್ತರಿಸಬಾರದು, ಪಟ್ಟಿ ಪಟ್ಟಿಯಾಗಿ ಹರಿಯಬೇಕು. ಹರಿದ ಅಂಚು ಒಂದರೊಳಗೊಂದು ಚೆನ್ನಾಗಿ ಬೆರೆಯುತ್ತದೆ. ಮೈದಾ ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕಾಯಿಸಿದರೆ ಅಂಟು ಸಿದ್ಧ. ಮಣ್ಣಿನ ಅಚ್ಚಿನ ಮೇಲೆ ಮೊದಲ ಪದರಕ್ಕೆ ಬರೀ ನೀರಲ್ಲಿ ನೆನೆಸಿದ ಕಾಗದ. ಇಲ್ಲದಿದ್ದರೆ ಮುಖವಾಡ ಅಚ್ಚು ಬಿಟ್ಟು ಬರುವುದಿಲ್ಲ. ಆಮೇಲೆ ಪದರದ ಮೇಲೆ ಪದರ, ನಡುನಡುವೆ ಬಿಸಿಲು. ಅವಸರ ಮಾಡಿದವರ ಹುಲಿ ಜೋತುಬೀಳುತ್ತದೆ. ಹುಲಿಯ ಕಣ್ಣೂ ಹುಡುಗನ ಕಣ್ಣೂ ಒಂದೇ ಕಡೆ ಬರುವುದು ಅಪರೂಪ, ಹಾಗಾಗಿ ಎಷ್ಟೋ ಹುಲಿಗಳು ಮೂಗಿನ ತೂತಿನಿಂದ ಜಗತ್ತು ನೋಡುತ್ತವೆ!

ಒಂದು ಮುಖವಾಡ ಒಣಗುವುದರೊಳಗೆ ಹುಲಿ ಹೇಗೆ ನಡೆಯುತ್ತದೆ, ಯಾರಿಗೆ ಹೆದರುತ್ತದೆ ಎಂಬುದೆಲ್ಲ ಹುಡುಗನೇ ಕಟ್ಟಿಕೊಂಡಿರುತ್ತಾನೆ. ಮಾತು ಹೊರಡುವುದು ಅಲ್ಲಿಂದ. ವಾರ್ಷಿಕೋತ್ಸವಕ್ಕೆ ಬಾಡಿಗೆ ಡ್ರೆಸ್ ಹಾಕಿಕೊಂಡು, ರೆಕಾರ್ಡ್ ಮಾಡಿದ ಸಂಭಾಷಣೆಗೆ ತುಟಿ ಆಡಿಸುವ ಮಗುವಿಗೆ ಈ ಸುಖ ಸಿಗುವುದಿಲ್ಲ. ಅದು ಮಗುವಿಗೆ ಮಾಡುವ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರದ ಮೂಲಕ ಬಹುಕಾಲ ಮಕ್ಕಳ ರಂಗಭೂಮಿಯ ಕೆಲಸ ಮಾಡಿದರು. ಅಲ್ಲಿನ ರಂಗಶಂಕರ ರಂಗಮಂದಿರದಲ್ಲಿ ‘ಆಹಾ!’ ಹೆಸರಿನ ಮಕ್ಕಳ ನಾಟಕೋತ್ಸವವಿದೆ. ವೈದೇಹಿಯವರಂಥ ಲೇಖಕರು ಬರೆದ ಮಕ್ಕಳ ನಾಟಕಗಳೂ ನಮ್ಮಲ್ಲಿ ಸಾಕಷ್ಟಿವೆ. ಸಾಲದಿರುವುದು ಸಣ್ಣ ಊರುಗಳಲ್ಲಿ ಇಂಥ ಅಂಗಳ, ಮತ್ತು ಮಕ್ಕಳ ಜತೆ ನೆಲದ ಮೇಲೆ ಕೂರುವ ಹಿರಿಯರು.

ಮಕ್ಕಳನ್ನು ಕಳಿಸುವವರಿಗೆ ಒಂದು ಮಾತು: ಹಳೇ ಬಟ್ಟೆ ಹಾಕಿ ಕಳಿಸಿ. ಸಂಜೆ ಮನೆಗೆ ಬಂದ ಕೂಡಲೇ ‘ಏನು ಕಲಿತೆ’ ಎಂದು ಕೇಳಬೇಡಿ. ‘ನೀನು ಇವತ್ತು ಯಾರಾಗಿದ್ದೆ’ ಎಂದು ಕೇಳಿ.