ಪರದೆಗೆ ಎರಡು ಬಣ್ಣ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಯಾವುದಾದರೂ ಮ್ಯಾಚಿಂಗ್ ಸೆಂಟರ್ ಮುಂದೆ ಹತ್ತು ನಿಮಿಷ ನಿಲ್ಲಿ. ಸೀರೆಯ ಸೆರಗನ್ನೂ ಬ್ಲೌಸ್ ಪೀಸನ್ನೂ ಕೈಯಲ್ಲಿ ಹಿಡಿದು ಯಾರಾದರೊಬ್ಬರು ಮೆಟ್ಟಿಲಿಳಿದು ಬೀದಿಗೆ ಬರುತ್ತಾರೆ. ಎರಡನ್ನೂ ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿಯುತ್ತಾರೆ. ಒಳಗೆ ಟ್ಯೂಬ್‌ಲೈಟಿನ ಅಡಿಯಲ್ಲಿ ಒಂದೇ ಎನಿಸಿದ್ದ ಪಾಚಿಹಸಿರು ಹೊರಗೆ ಎರಡಾಗಿ ಕಾಣುತ್ತದೆ. “ಇದಲ್ಲ ಅಣ್ಣ, ಬೇರೆ ತೋರಿಸಿ” ಎಂದು ವಾಪಸು ಹೋಗುತ್ತಾರೆ. ಅಂಗಡಿಯವರಿಗೆ ಬೇಸರವಿಲ್ಲ. “ಹೊರಗಡೆ ಬೆಳಕಲ್ಲಿ ನೋಡಿ ಅಕ್ಕ” ಎಂದು ಕಳಿಸಿದವರೇ ಅವರು.

ಒಂದು ದಿನದ ಮದುವೆಗೆ ಉಡುವ ಸೀರೆಯ ರವಿಕೆಗೆ ಇಷ್ಟು ಜೋಪಾನ. ವರ್ಷಗಟ್ಟಲೆ ಕಣ್ಣೆದುರು ತೂಗುವ ಕಿಟಕಿ ಪರದೆಯನ್ನು ಮಾತ್ರ ಶೋರೂಮಿನ ಝಗಮಗ ಬೆಳಕಿನಲ್ಲಿ ಅಂಗೈಯಗಲದ ತುಂಡು ನೋಡಿ ಆರಿಸಿಬಿಡುತ್ತೇವೆ. ಮನೆಗೆ ತಂದು ತೂಗುಹಾಕಿದ ಮೇಲೆ ಗೋಡೆಗೂ ಅದಕ್ಕೂ ಹೊಂದುವುದಿಲ್ಲ ಎನ್ನುತ್ತೇವೆ. ಇದು ಅಭಿರುಚಿಯ ದೋಷವಲ್ಲ. ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದ್ದರ ಫಲ.

ಮೂರರ ಒಪ್ಪಂದ

ನಮಗೆ ಕಾಣುವ ಬಣ್ಣ ಬೆಳಕು, ಬಟ್ಟೆ, ಕಣ್ಣು ಈ ಮೂರೂ ಸೇರಿ ಆಗುವಂಥದ್ದು. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಅಲೆಗಳನ್ನು ಹೀರಿ ಉಳಿದದ್ದನ್ನು ಮರಳಿಸುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರೇ ಬಗೆಯವು. ಸುಮಾರು 420, 530 ಮತ್ತು 560 ನ್ಯಾನೊಮೀಟರ್ ಅಲೆಯುದ್ದದ ಬೆಳಕಿಗೆ ಅವು ಅತಿ ಹೆಚ್ಚು ಸ್ಪಂದಿಸುತ್ತವೆ. ಎದುರಿಗೆ ಬಂದ ಬೆಳಕಿನಲ್ಲಿ ನೂರಾರು ಅಲೆಯುದ್ದಗಳಿದ್ದರೂ ಮಿದುಳಿಗೆ ತಲುಪುವುದು ಈ ಮೂರು ಬಗೆಯ ಕೋಶಗಳು ಎಷ್ಟೆಷ್ಟು ಸ್ಪಂದಿಸಿದವೆಂಬ ಮೂರು ಅಂಕಿಗಳಷ್ಟೇ.

ಹಾಗಾಗಿ ಬೇರೆ ಬೇರೆ ವರ್ಣದ್ರವ್ಯಗಳಿಂದ ಬಂದ ಎರಡು ಬೆಳಕುಗಳು ಒಂದು ದೀಪದಡಿ ಅದೇ ಮೂರು ಅಂಕಿಗಳನ್ನು ಕೊಡಬಹುದು. ಆಗ ಎರಡೂ ಒಂದೇ ಬಣ್ಣ. ದೀಪ ಬದಲಾದರೆ ಅಂಕಿಗಳು ಬೇರೆಯಾಗುತ್ತವೆ, ಜೋಡಿ ಒಡೆಯುತ್ತದೆ. ವಿಜ್ಞಾನಿಗಳು ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಚಿಕ್ಕಪೇಟೆಯ ಪಾಚಿಹಸಿರು ಬಿಸಿಲಿನಲ್ಲಿ ಎರಡಾದದ್ದು ಹೀಗೆ. ಗೋಡೆಗೆ ಬಳಿದದ್ದು ಪೇಂಟು, ಪರದೆಗೆ ಹಾಕಿದ್ದು ಬಟ್ಟೆಯ ಬಣ್ಣ. ಎರಡರ ರಸಾಯನವೇ ಬೇರೆ. ಗೋಡೆಯದೇ ಬಣ್ಣದ ಪರದೆ ಬೇಕೆಂದು ಹಟ ಹಿಡಿದವರಿಗೆ ಈ ತೊಡಕು ಹೆಚ್ಚು. ಪರದೆ ಗೋಡೆಗಿಂತ ಎರಡು ಮೂರು ಮೆಟ್ಟಿಲು ಗಾಢವಾಗಿಯೋ ತಿಳಿಯಾಗಿಯೋ ಇದ್ದರೆ ಈ ಸಣ್ಣ ವ್ಯತ್ಯಾಸ ಕಣ್ಣಿಗೆ ಚುಚ್ಚುವುದಿಲ್ಲ.

ಪಕ್ಕದ ಮನೆಯ ಪ್ರಭಾವ

ನಮ್ಮ ಮನೆಯ ನಡುಮನೆಗೆ ತಿಳಿ ಗಿಳಿಹಸಿರು ಬಳಿಸಿದ್ದೆವು. ಯಾವ ಬಣ್ಣಕ್ಕಾದರೂ ಹೊಂದುತ್ತದೆಂದು ಅಚ್ಚ ಬೂದು ಪರದೆ ಹೊಲಿಸಿದೆವು. ತೂಗುಹಾಕಿದ ಸಂಜೆಯೇ ಅದು ತುಸು ಗುಲಾಬಿಯಾಗಿ ಕಂಡಿತು. ಅಂಗಡಿಯವರು ಬೇರೆ ಥಾನಿನಿಂದ ಕತ್ತರಿಸಿದ್ದಾರೆಂದೇ ಭಾವಿಸಿ, ಉಳಿದ ಚೂರನ್ನು ಒಯ್ದು ಅವರ ಸ್ಯಾಂಪಲ್ ಪಕ್ಕ ಇಟ್ಟೆ. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಸುಮಾರು 200 ವರ್ಷಗಳ ಹಿಂದೆ ಪ್ಯಾರಿಸ್‌ನಲ್ಲೂ ಇಂಥದೇ ದೂರು ಎದ್ದಿತ್ತು. ಗೋಬ್ಲಾಂ ಎಂಬ ಹೆಸರಾಂತ ಚಿತ್ರಗಂಬಳಿ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥರಾದರು. ಅಲ್ಲಿಯ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರಿತ್ತು. ಶೆವ್ರಲ್ ನೂಲನ್ನು ಪರೀಕ್ಷಿಸಿದರು, ಬಣ್ಣದಲ್ಲಿ ಕುಂದಿರಲಿಲ್ಲ. ಕಪ್ಪನ್ನು ಮಂಕಾಗಿಸುತ್ತಿದ್ದದ್ದು ಅದರ ಮಗ್ಗುಲಲ್ಲೇ ನೇಯ್ದಿದ್ದ ನೀಲಿ ಮತ್ತು ನೇರಳೆ. ಆ ಸುಳಿವು ಹಿಡಿದು ವರ್ಷಗಟ್ಟಲೆ ಪ್ರಯೋಗ ನಡೆಸಿ, 1839ರಲ್ಲಿ ಬಣ್ಣಗಳ ಪರಸ್ಪರ ಪ್ರಭಾವದ ಕುರಿತು ದೊಡ್ಡ ಗ್ರಂಥ ಪ್ರಕಟಿಸಿದರು. ಅಕ್ಕಪಕ್ಕದ ಎರಡು ಬಣ್ಣಗಳಲ್ಲಿ ಪ್ರತಿಯೊಂದೂ ಇನ್ನೊಂದನ್ನು ತನ್ನ ವಿರುದ್ಧ ಬಣ್ಣದ ಕಡೆಗೆ ದೂಡುತ್ತದೆ ಎಂಬುದು ಅದರ ತಿರುಳು.

ಹಸಿರಿನ ಎದುರು ಬದಿಯಲ್ಲಿರುವುದು ಕೆಂಪು-ಗುಲಾಬಿ. ನಮ್ಮ ಹಸಿರು ಗೋಡೆ ಬೂದು ಪರದೆಯನ್ನು ಆ ಕಡೆಗೆ ದೂಡಿತ್ತು. ಅರಿಶಿನದಂಥ ಗೋಡೆಯ ಪಕ್ಕದಲ್ಲಿ ಅದೇ ಬೂದು ನೀಲಿಯ ಛಾಯೆ ತೋರುತ್ತದೆ. ತನ್ನದೇ ಬಣ್ಣ ಕಡಿಮೆಯಿರುವ ಬಟ್ಟೆ ನೆರೆಯ ಮಾತಿಗೆ ಬೇಗ ಬಾಗುತ್ತದೆ. ಬೂದು, ಬಿಳಿ, ಕೆನೆ ಬಣ್ಣಗಳನ್ನು ಆರಿಸುವಾಗಲೇ ಹೆಚ್ಚು ಎಚ್ಚರ ಬೇಕು.

ಹಗಲು ದೀಪ, ಇರುಳು ಗೋಡೆ

ಗೋಡೆಗಿಲ್ಲದ ಒಂದು ಗುಣ ಪರದೆಗಿದೆ. ಹಗಲಿನಲ್ಲಿ ಬೆಳಕು ಅದರ ಬೆನ್ನ ಹಿಂದಿನಿಂದ ಹಾದು ಒಳಬರುತ್ತದೆ. ಆಗ ಪರದೆಯೇ ಕೋಣೆಯ ದೀಪ. ತೆಳುವಾದ ಕಿತ್ತಳೆ ಬಣ್ಣದ ಪರದೆ ಎಳೆದರೆ ಕೋಣೆಯ ತುಂಬ ಕಿತ್ತಳೆ ಬೆಳಕು ಹರಡುತ್ತದೆ. ನೀಲಿ ಗೋಡೆಗೆ ಮರಳಿಸಲು ಬೇಕಾದ ನೀಲಿ ಆ ಬೆಳಕಿನಲ್ಲಿ ಕಡಿಮೆ, ಹಾಗಾಗಿ ಗೋಡೆ ಮಂಕಾಗುತ್ತದೆ. ರಾತ್ರಿ ಕೋಣೆಯ ಬಲ್ಬು ಹೊತ್ತಿದಾಗ ಬೆಳಕು ಮುಂದಿನಿಂದ ಬೀಳುತ್ತದೆ. ದೀಪವಾಗಿದ್ದ ಪರದೆ ಈಗ ಗೋಡೆಯ ಹಾಗೆ ವರ್ತಿಸುತ್ತದೆ. ಒಂದೇ ಬಟ್ಟೆಗೆ ಹೀಗೆ ಎರಡು ಬಣ್ಣ. ಹಿಂದೆ ಬಿಳಿ ಲೈನಿಂಗ್ ಕೊಟ್ಟರೆ ಹಾದುಬರುವ ಬೆಳಕು ತಗ್ಗಿ, ಎರಡರ ನಡುವಿನ ಅಂತರವೂ ತಗ್ಗುತ್ತದೆ.

ನೆರಿಗೆಯದು ಇನ್ನೊಂದು ಕತೆ. ಇಟ್ಟಿಗೆ ಬಣ್ಣದ ಒಂದು ಬಟ್ಟೆ ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ನೂರಕ್ಕೆ 60 ಪಾಲನ್ನು, ನೀಲಿಯಲ್ಲಿ 20 ಪಾಲನ್ನು ಮರಳಿಸುತ್ತದೆ ಎಂದುಕೊಳ್ಳಿ. ಚಪ್ಪಟೆಯಾಗಿ ಹರಡಿದಾಗ ಕೆಂಪು ನೀಲಿಯ ಮೂರರಷ್ಟು. ನೆರಿಗೆಯ ಒಳಮೈಯಲ್ಲಿ ಬೆಳಕು ಒಂದು ಮಗ್ಗುಲಿಗೆ ಬಡಿದು ಇನ್ನೊಂದಕ್ಕೆ ತಾಗಿ ಹೊರಬರುತ್ತದೆ. ಎರಡು ಸಲ ಸೋಸಿದ ಮೇಲೆ ಕೆಂಪು 36 ಪಾಲು, ನೀಲಿ ಬರೀ 4 ಉಳಿಯುತ್ತದೆ. ಮೂರರಷ್ಟಿದ್ದದ್ದು ಒಂಬತ್ತರಷ್ಟಾಯಿತು. ಕ್ಯಾಟಲಾಗಿನ ಚಪ್ಪಟೆ ತುಂಡಿಗಿಂತ ನೆರಿಗೆ ಹಿಡಿದ ಪರದೆ ಗಾಢವಾಗಿ ಕಾಣುವುದು ಇದಕ್ಕೇ. ಕಾವಿ ನೆಲವಿರುವ ಹಳೆಯ ಮನೆಗಳಲ್ಲಿ ಸುಣ್ಣದ ಗೋಡೆಯ ಕೆಳಭಾಗ ಬಿಸಿಲು ಬಂದಾಗ ನಸುಗೆಂಪಾಗುವುದನ್ನು ನೋಡಿರುತ್ತೀರಿ. ಅಲ್ಲೂ ನೆಲದಿಂದ ಪುಟಿದ ಬೆಳಕಿನದೇ ಕೆಲಸ.

ನಮ್ಮ ಸೂರ್ಯ, ನಮ್ಮ ಬಲ್ಬು

ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ, ಅಲ್ಲಿಯ ಬೆಳಕು ಸದಾ ತಣ್ಣಗೆ ನೀಲಿ, ಆದ್ದರಿಂದ ಅಲ್ಲಿಗೆ ಬೆಚ್ಚನೆಯ ಬಣ್ಣ ಹಾಕಿ ಎಂಬ ಸಲಹೆ ಯುರೋಪಿನ ಅಕ್ಷಾಂಶಗಳಿಗೆ ಸರಿಹೊಂದುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುವ ನೆರಳಿಲ್ಲದ ದಿನ ಬರುತ್ತದೆ. ಆ ಎರಡು ದಿನಗಳ ನಡುವೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಬೇಸಿಗೆಯ ಮುಂಜಾನೆ, ಇಳಿಹೊತ್ತಿನ ಓರೆ ಬಿಸಿಲು ಉತ್ತರದ ಕಿಟಕಿಗೂ ತಾಗುತ್ತದೆ. ಸಲಹೆಯನ್ನು ನಂಬುವ ಮುನ್ನ ನಿಮ್ಮ ಕಿಟಕಿಯನ್ನೇ ನಾಲ್ಕು ದಿನ ಗಮನಿಸಿ.

ಇಳಿಹೊತ್ತಿನ ಬಿಸಿಲು ನೇರ ಬೀಳುವ ಪಶ್ಚಿಮದ ಕಿಟಕಿಯ ಪರದೆಗೆ ಬಣ್ಣ ಮಾಸುವ ಕಷ್ಟವೂ ಇದೆ. ಸಾಮಾನ್ಯ ಗಾಜು ನೇರಳಾತೀತ ಕಿರಣಗಳಲ್ಲಿ ಕೆಲವನ್ನಷ್ಟೇ ತಡೆಯುತ್ತದೆ. ಉಳಿದವು ಒಳನುಗ್ಗಿ ಬಣ್ಣದ ಅಣುಗಳ ಬಂಧಗಳನ್ನು ಮುರಿಯುತ್ತವೆ. ಬಟ್ಟೆಯ ಬಣ್ಣ ಬೆಳಕನ್ನು ಎಷ್ಟು ತಾಳಿಕೊಳ್ಳುತ್ತದೆಂದು ಅಳೆಯಲು 1ರಿಂದ 8ರವರೆಗಿನ ದರ್ಜೆಯಿದೆ. ಬಿಸಿಲಿನ ಕಿಟಕಿಗೆ ಮೇಲಿನ ದರ್ಜೆಯದ್ದನ್ನು ಕೇಳಿ.

ಇನ್ನು ಬಲ್ಬು. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ ಕಡೆಗಿನ ಬೆಳಕು. 6500 ಎಂದಿದ್ದರೆ ನೀಲಿ ಕಡೆಗಿನ ಬಿಳಿ. ಮೊದಲನೆಯದರಲ್ಲಿ ಸಾಸಿವೆ, ಇಟ್ಟಿಗೆ ಬಣ್ಣಗಳು ಅರಳುತ್ತವೆ, ನೀಲಿ ಸೊರಗುತ್ತದೆ. ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ಅಚ್ಚ ಕೆಂಪಿನ ಪಾಲು ಕಡಿಮೆಯಿರುವುದುಂಟು. ಅಲ್ಲಿ ಕುಂಕುಮಗೆಂಪು ಕಂದಿದಂತೆ ಕಾಣುತ್ತದೆ. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಳತೆಯಾದ ಸಿಆರ್‌ಐ ಡಬ್ಬಿಯಲ್ಲಿ 90 ಅಥವಾ ಹೆಚ್ಚಿದ್ದರೆ ಬಣ್ಣಗಳು ಬಹುಮಟ್ಟಿಗೆ ಸಹಜವಾಗಿ ಕಾಣುತ್ತವೆ. ಕೆಲವೊಮ್ಮೆ ಪರದೆ ಬದಲಿಸುವ ಬದಲು ಬಲ್ಬು ಬದಲಿಸಿದರೆ ಸಾಕು.

ಅರ್ಧ ಮೀಟರ್ ಬಟ್ಟೆ

ಇಷ್ಟೆಲ್ಲ ಲೆಕ್ಕವನ್ನು ಮನೆಯಲ್ಲಿ ಕೂತು ಹಾಕಬೇಕಿಲ್ಲ. ಮನಸ್ಸಿಗೆ ಬಂದ ಎರಡು ಬಟ್ಟೆಗಳನ್ನು ಅರ್ಧರ್ಧ ಮೀಟರ್ ಕೊಂಡುತನ್ನಿ. ನೆರಿಗೆ ಹಿಡಿದು, ಪಿನ್ನು ಚುಚ್ಚಿ, ಅದೇ ಕಿಟಕಿಗೆ ತೂಗುಹಾಕಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಮನೆಯ ಬಲ್ಬಿನಡಿ ನೋಡಿ. ಗೋಡೆಯ ಪಕ್ಕದಲ್ಲೇ ನೋಡಿ. ಕೋಣೆಯನ್ನು ನೀವು ಹೆಚ್ಚು ಬಳಸುವ ಹೊತ್ತಿನಲ್ಲಿ ಯಾವುದು ಹಿತವೋ ಅದು ನಿಮ್ಮದು.

ನಾವೂ ಎರಡನೆಯ ಸಲ ಹಾಗೇ ಮಾಡಿದೆವು. ಶೆವ್ರಲ್ ತಿಳಿಸಿದ ನಿಯಮದಂತೆ, ಗೋಡೆಯ ಹಸಿರನ್ನೇ ತುಸು ಬೆರೆಸಿಕೊಂಡ ಬೂದು ಬಟ್ಟೆ ಹುಡುಕಿದೆವು. ಅಂಗಡಿಯಲ್ಲಿ ಹರಡಿದಾಗ “ಇದು ಬೂದಲ್ಲ, ಹಸಿರು” ಎಂದು ಮನೆಯವರೆಲ್ಲ ಹೇಳಿದರು. ಆ ಬಟ್ಟೆ ಈಗ ನಮ್ಮ ನಡುಮನೆಯ ಕಿಟಕಿಯಲ್ಲಿ ತೂಗುತ್ತಿದೆ. ಗಿಳಿಹಸಿರು ಗೋಡೆಯ ಪಕ್ಕದಲ್ಲಿ ಅದು ಅಚ್ಚ ಬೂದು.