ಮೊದಲು ಕಪ್ಪೆ, ಆಮೇಲೆ ಕೋಲು

ಆನ್‌ಲೈನ್ ಅಂಗಡಿಗಳಲ್ಲಿ ಗಾಳದ ಕೋಲು ಹುಡುಕಿದವರಿಗೆ ಬೇಗ ಎದುರಾಗುವ ಹೆಸರು ‘ಬಾಸ್ ರಾಡ್’. ಬಾಸ್ ಅಮೆರಿಕದ ಸರೋವರಗಳ ಮೀನು. ತುಮಕೂರಿನ ಅಮಾನಿಕೆರೆಯಲ್ಲಾಗಲಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯಲ್ಲಾಗಲಿ, ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯಲ್ಲಾಗಲಿ ಅದಿಲ್ಲ. ಇಲ್ಲದ ಮೀನಿನ ಹೆಸರಿನ ಕೋಲು ಇಲ್ಲಿ ಬಿಕರಿಯಾಗುವುದನ್ನು ಕಂಡರೆ ಪೇಟೆಯವರು ನಮಗೆ ಟೋಪಿ ಹಾಕುತ್ತಿದ್ದಾರೆ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಬಾಸ್ ಬೇಟೆಯಾಡುವ ರೀತಿಯಲ್ಲೇ ಬೇಟೆಯಾಡುವ ಮೀನೊಂದು ನಮ್ಮ ಕೆರೆಗಳಲ್ಲೂ ಇದೆ. ಜೊಂಡಿನ ಸಂದಿಯಲ್ಲಿ ಹೊಂಚು ಹಾಕಿ ಕೂತು, ಕಪ್ಪೆಯೋ ಸಣ್ಣ ಮೀನೋ ಹತ್ತಿರ ಸುಳಿದೊಡನೆ ಎಗರಿ ನುಂಗುವ ಕೊರವ ಅದು. ಮುರ್ರೆಲ್ ಎಂದೂ ಕರೆಯುತ್ತಾರೆ. ಬಾಸ್‌ಗೆಂದು ಹುಟ್ಟಿದ ಸಲಕರಣೆ ಕೊರವಕ್ಕೂ ಒಗ್ಗುತ್ತದೆ. ತಪ್ಪಿರುವುದು ಕ್ರಮದಲ್ಲಿ. ಮೊದಲು ಒಳ್ಳೆಯ ಕೋಲು ಕೊಳ್ಳಿ, ಆಮೇಲೆ ಅದಕ್ಕೊಪ್ಪುವ ಲೂರ್‌ಗಳನ್ನು, ಅಂದರೆ ಹುಸಿ ಎರೆಗಳನ್ನು, ಕೊಳ್ಳುತ್ತಾ ಹೋಗಿ ಎನ್ನುತ್ತದೆ ಪೇಟೆ. ಚರಿತ್ರೆ ನಡೆದದ್ದು ಇದಕ್ಕೆ ತಿರುಗುಮುರುಗಾಗಿ. ಯಾರದೋ ಮನೆಯಲ್ಲಿ, ಕೈಗೆ ಸಿಕ್ಕ ಸಾಮಾನಿನಿಂದ ಹುಸಿ ಎರೆ ಮೊದಲು ಹುಟ್ಟಿತು. ಅದನ್ನು ಎಸೆಯಲು ತಕ್ಕ ಕೋಲು ಆಮೇಲೆ ಬಂತು. ಕಡಿಮೆ ದುಡ್ಡಿನಲ್ಲಿ ಗಾಳ ಹಾಕಬೇಕೆನ್ನುವವರಿಗೆ ಇವತ್ತಿಗೂ ಆ ಹಳೆಯ ಕ್ರಮವೇ ಸರಿಯಾದದ್ದು.

ಕೊರವ ತುಮಕೂರು ಸೀಮೆಗೆ ಹೇಳಿ ಮಾಡಿಸಿದ ಮೀನು. ಶಿಂಷಾ, ಜಯಮಂಗಲಿ ನದಿಗಳು ದೇವರಾಯನದುರ್ಗದ ಬೆಟ್ಟಸಾಲಿನಲ್ಲೇ ಹುಟ್ಟಿದರೂ ಈ ಭಾಗದಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಕೆರೆಗಳು ತುಂಬಬೇಕಾದರೆ ಮಳೆ ಒಲಿಯಬೇಕು, ಇಲ್ಲವೇ ಹೇಮಾವತಿ ನಾಲೆಯ ನೀರು ಬರಬೇಕು. 2022ರ ಮಳೆಯಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಬರಗಾಲದಲ್ಲಿ ಅಂಥ ಕೆರೆಗಳ ಅಂಗಳದಲ್ಲೇ ದನ ಮೇಯುತ್ತವೆ. ಇಂಥ ಏರುಪೇರು ತಡೆದುಕೊಳ್ಳುವ ಮೀನು ಕೊರವ. ನೀರಿನ ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಉಸಿರಾಡುವ ಅಂಗ ಇದಕ್ಕಿದೆ. ನೀರು ಕೆಟ್ಟು ಉಳಿದ ಮೀನುಗಳು ಸತ್ತು ತೇಲುವಾಗಲೂ ಇದು ಬದುಕಿರುತ್ತದೆ, ಹಸಿ ಕೆಸರಿನಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ. ಕಾಟ್ಲಾ, ರೋಹು, ಮೃಗಾಲ್‌ಗಳ ಕಥೆ ಬೇರೆ. ಗಂಗಾ ಬಯಲಿನ ಈ ಗೆಂಡೆ ಮೀನುಗಳಿಗೆ ಹಾರ್ಮೋನ್ ಚುಚ್ಚಿ ಮರಿ ಮಾಡಿಸುವ ವಿಧಾನವನ್ನು ವಿಜ್ಞಾನಿ ಹೀರಾಲಾಲ್ ಚೌಧುರಿ 1957ರ ಜುಲೈ 10ರಂದು ಒಡಿಶಾದಲ್ಲಿ ಸಾಧಿಸಿದರು. ಆಮೇಲೆಯೇ ದೇಶದ ಕೆರೆಗಳಿಗೆಲ್ಲ ಮೀನುಮರಿ ಬಿಡುವ ಪದ್ಧತಿ ವಿಸ್ತಾರವಾಗಿ ಬೆಳೆದದ್ದು. ಕೊರವ ಮಾತ್ರ ಯಾರೂ ತಂದು ಬಿಡದೆ ತನ್ನಷ್ಟಕ್ಕೆ ಕೆರೆಯಲ್ಲಿ ವಂಶ ಬೆಳೆಸಿಕೊಂಡು ಬಂದಿದೆ.

ಗಾಳದ ವಿದ್ಯೆಯೂ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಮೀನಿನ ಜಾತಿಗಳು, ಅವುಗಳ ಮೇವು, ಕೋಲು, ದಾರ, ಗಾಳ ಎಲ್ಲದರ ವಿವರ ಅದರಲ್ಲಿದೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಲೇಖನ ಪ್ರಕಟಿಸಿ ವಿದ್ವಾಂಸರ ಗಮನ ಸೆಳೆದರು. ಆದರೆ ನಮ್ಮ ಪರಂಪರೆಯ ಜಾಣ್ಮೆ ಹೆಚ್ಚಾಗಿ ಹರಿದದ್ದು ತಿನ್ನುವ ಎರೆಯ ಕಡೆಗೆ. ಕೆರೆ ಏರಿಯ ಮೇಲೆ ಬಿದಿರು ಕೋಲು ಹಿಡಿದು ಕೂತವರ ಡಬ್ಬಿಯಲ್ಲಿ ಇವತ್ತಿಗೂ ಇರುವುದು ಎರೆಹುಳು, ಅನ್ನದ ಅಗುಳು, ರಾಗಿ ಹಿಟ್ಟಿನ ಉಂಡೆ. ರಾಗಿ ಉಂಡೆಯಂತೂ ದೇಶಾಂತರ ಖ್ಯಾತಿ ಪಡೆದ ಎರೆ. 1978ರಲ್ಲಿ ಕಾವೇರಿಗೆ ಬಂದ ಇಂಗ್ಲಿಷ್ ತಂಡವೊಂದು 92 ಪೌಂಡ್ ತೂಕದ ಮಹಶೀರ್ ಹಿಡಿದ ಸುದ್ದಿ ಹಬ್ಬಿದ ಮೇಲೆ ವಿದೇಶಿ ಹವ್ಯಾಸಿಗಳು ಆ ಹೊಳೆಯನ್ನು ಹುಡುಕಿಕೊಂಡು ಬಂದರು. ಅದರ ದಂಡೆಯ ಭೀಮೇಶ್ವರಿಯ ಸುತ್ತಮುತ್ತ ಅವರ ಕೊಕ್ಕೆಗೂ ಏರಿದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆಯೇ. ಅದೆಲ್ಲ ವಾಸನೆ ಹಿಡಿದು, ತಳ ಕೆದಕಿ ತಿನ್ನುವ ಮೀನಿಗೆ ಸರಿ. ಅಲುಗಾಟ ಕಂಡು ಮೇಲೆರಗುವ ಕೊರವ ರಾಗಿ ಉಂಡೆಯತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ರುಚಿಗಿಂತ ಚಲನೆ ಮುಖ್ಯ. ಹುಸಿ ಎರೆ ಹುಟ್ಟಿದ್ದೇ ಇಂಥ ಬೇಟೆ ಮೀನುಗಳಿಗಾಗಿ.

ಅದು ಎಲ್ಲಿ ಹುಟ್ಟಿತು ಎಂದು ಹುಡುಕಿದರೆ ಕಾರ್ಖಾನೆಗಿಂತ ಮೊದಲು ಸಿಗುವುದು ಅಡುಗೆಮನೆ, ಹೊಳೆದಂಡೆ, ಚಾಕು. ಅಮೆರಿಕದ ಜೂಲಿಯೋ ಬ್ಯುಯೆಲ್ ದೋಣಿಯಲ್ಲಿದ್ದಾಗ ಕೈತಪ್ಪಿ ನೀರಿಗೆ ಬಿದ್ದ ಚಮಚವನ್ನು ಮೀನೊಂದು ಬಂದು ಹಿಡಿಯಿತಂತೆ. ಹಿಡಿಕೆ ಕತ್ತರಿಸಿದ ಚಮಚಕ್ಕೆ ಕೊಕ್ಕೆ ಬೆಸೆದು ಆತ ಲೂರ್ ಮಾಡಿದ, 1852ರಲ್ಲಿ ಪೇಟೆಂಟ್ ಪಡೆದ. ಮಿಷಿಗನ್ ರಾಜ್ಯದ ಜೇನು ಸಾಕಣೆಗಾರ ಜೇಮ್ಸ್ ಹೆಡನ್ ಹೊತ್ತು ಕಳೆಯಲು ಕೆತ್ತುತ್ತಿದ್ದ ಮರದ ತುಂಡನ್ನು ಕೊಳಕ್ಕೆ ಎಸೆದಾಗ ಬಾಸ್ ಎಗರಿ ಬಡಿಯಿತೆಂಬ ಪ್ರತೀತಿಯಿದೆ. 1890ರ ದಶಕದ ಕೊನೆಗೆ ಆತ ಕೈಯಿಂದ ಕೆತ್ತಿದ ಮರದ ಕಪ್ಪೆಗಳೇ ಮುಂದೆ ದೊಡ್ಡ ಕಂಪನಿಯೊಂದಕ್ಕೆ ಬುನಾದಿಯಾದವು. ಈ ಎರಡೂ ಕಥೆಗಳಿಗೆ ಹೇಳುತ್ತಾ ಹೇಳುತ್ತಾ ಬಣ್ಣ ಕೂಡಿರಬಹುದು. ಫಿನ್ಲೆಂಡಿನ ಲೌರಿ ರಾಪಾಲನ ವಿಷಯ ಇನ್ನೂ ಖಚಿತ. ಈತ ಮೀನು ಹಿಡಿದೇ ಹೊಟ್ಟೆ ಹೊರೆಯುತ್ತಿದ್ದ ಬಡವ. ದೊಡ್ಡ ಮೀನು ಗುಂಪಿನಲ್ಲಿ ಗಾಯಗೊಂಡು ವಾಲಾಡುವ ಮರಿಯನ್ನೇ ಆರಿಸಿ ಹಿಡಿಯುವುದನ್ನು ಗಮನಿಸಿದ. 1936ರಲ್ಲಿ ಕಾರ್ಕ್ ತುಂಡನ್ನು ಚಮ್ಮಾರರ ಚಾಕುವಿನಿಂದ ಕೆತ್ತಿ, ಚಾಕೊಲೇಟ್ ಸುತ್ತಿ ಬರುವ ಬೆಳ್ಳಿ ಹಾಳೆ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಲೇಪಿಸಿದ. 1962ರಲ್ಲಿ ‘ಲೈಫ್’ ಪತ್ರಿಕೆಯ ಲೇಖನ ಅದನ್ನು ಅಮೆರಿಕದ ಮನೆಮಾತಾಗಿಸಿತು. ಇವರಲ್ಲಿ ಯಾರೂ ಲೂರ್ ಮಾಡಲು ದುಬಾರಿ ಸಾಮಾನು ತರಿಸಿದವರಲ್ಲ. ಮೀನನ್ನು ಚೆನ್ನಾಗಿ ನೋಡಿದರು, ಎದುರಿಗಿದ್ದ ವಸ್ತುವಿನಲ್ಲಿ ಆ ಚಲನೆ ತಂದರು.

ಕೋಲಿನ ಚರಿತ್ರೆ ಇದರ ಹಿಂದೆ ನಡೆಯಿತು. ಗರಿಯಿಂದ ಕಟ್ಟಿದ, ತೂಕವೇ ಇಲ್ಲದ ಹುಸಿ ನೊಣಗಳನ್ನು ಎಸೆಯಲು ಉದ್ದನೆಯ ಮೆದು ಕೋಲು ಸಾಕಿತ್ತು. ತೂಕದ ಮರದ ಲೂರ್‌ಗಳು ಬಂದ ಮೇಲೆ ಗಿಡ್ಡನೆಯ, ಬಿಗಿಯಾದ ಕೋಲು ಬೇಕಾಯಿತು. 19ನೇ ಶತಮಾನದಲ್ಲಿ ಬಿದಿರನ್ನು ಸೀಳಿ, ಆರು ಸೀಳುಗಳನ್ನು ಜೋಡಿಸಿ ಅಂಟಿಸುತ್ತಿದ್ದರು. ಅದು ನುರಿತ ಕುಶಲಕರ್ಮಿಯ ಕೆಲಸ, ಬೆಲೆಯೂ ಹಾಗೆಯೇ ಇರುತ್ತಿತ್ತು. ಎರಡನೇ ಮಹಾಯುದ್ಧದ ಬಳಿಕ, 1947ರ ಹೊತ್ತಿಗೆ ಗಾಜುನಾರಿನ ಅಂದರೆ ಫೈಬರ್‌ಗ್ಲಾಸ್ ಕೋಲು ಅಮೆರಿಕದ ಪೇಟೆಗೆ ಬಂದು ಸಾಮಾನ್ಯರ ಕೈಗೂ ಎಟುಕಿತು. 1930ರ ದಶಕದ ಕೊನೆಯಲ್ಲಿ ಬಂದ ನೈಲಾನ್ ದಾರ ಅದಕ್ಕೆ ಜೊತೆಯಾಯಿತು. 1970ರ ದಶಕದಲ್ಲಿ ಕಾರ್ಬನ್ ಕೋಲು ಬಂದು ತೂಕ ಇಳಿಸಿತು, ದರ ಏರಿಸಿತು. ಎಸೆಯಬೇಕಾದ ವಸ್ತುವಿನ ತೂಕಕ್ಕೆ ತಕ್ಕಂತೆ ಕೋಲು ಬದಲಾಗುತ್ತಾ ಬಂದಿದೆ. ಕೊಳ್ಳುವವರು ಹಿಡಿಯಬೇಕಾದ ಸೂತ್ರವೂ ಇದೇ: ಮೊದಲು ಲೂರ್ ಮಾಡಿ, ತೂಗಿ ನೋಡಿ, ಆಮೇಲೆ ಕೋಲು ಹುಡುಕಿ.

ಕೊರವಕ್ಕೆ ಬೇಕಾದ ಕಪ್ಪೆಯಾಕಾರದ ಲೂರ್ ಮಾಡಲು ಸವೆದ ಹವಾಯಿ ಚಪ್ಪಲಿ ಸಾಕು. ಅಟ್ಟೆಯನ್ನು ಹೆಬ್ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ, ಮೂತಿ ಚೂಪಾಗಿ, ಹಿಂಭಾಗ ದಪ್ಪವಾಗಿ ಕೆತ್ತಬೇಕು. ಕಾಯಿಸಿದ ಸೈಕಲ್ ಕಡ್ಡಿಯಿಂದ ಮೂತಿಯಿಂದ ಹಿಂದಕ್ಕೆ ತೂತು ಕೊರೆದು, ಜೋಡಿ ಮೊನೆಯ ಕೊಕ್ಕೆಯ ಕಾಲನ್ನು ಹಿಂದಿನಿಂದ ತೂರಿಸಿ ಮೂತಿಯಲ್ಲಿ ಹೊರಬರುವಂತೆ ಮಾಡಬೇಕು. ಎರಡೂ ಮೊನೆಗಳು ಮೇಲ್ಮುಖವಾಗಿ, ಕಪ್ಪೆಯ ಬೆನ್ನಿಗೆ ಒರಗಿಕೊಂಡಿರಬೇಕು. ಜೊಂಡು, ಅಂತರಗಂಗೆಯ ಮೇಲೆ ಎಳೆದಾಗ ಸಿಕ್ಕಿಹಾಕಿಕೊಳ್ಳದೆ ಜಾರುವ ಗುಟ್ಟು ಇಷ್ಟೇ. ಗೊಬ್ಬರದ ಚೀಲದ ಎಳೆಗಳನ್ನು ಹಿಂದೆ ಕಟ್ಟಿದರೆ ಕಾಲುಗಳಾದವು. ಹೊಟ್ಟೆಯ ಹಿಂಭಾಗಕ್ಕೆ ಸ್ವಲ್ಪ ತಂತಿ ಸುತ್ತಿ ಬಕೆಟ್ ನೀರಿನಲ್ಲಿ ಬಿಟ್ಟು ನೋಡಬೇಕು. ಮೂತಿ ಮೇಲೆತ್ತಿ, ಹಿಂಭಾಗ ಮುಳುಗಿಸಿ ಕೂತರೆ ತೂಕ ಸರಿಯಾಗಿದೆ. ಬೋರಲು ಬಿದ್ದರೆ ತಂತಿ ಇನ್ನೂ ಕೆಳಗೆ ಬರಬೇಕು. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಳಗಿನಿಂದ ಆಕಾಶದತ್ತ ನೋಡುವ ಮೀನಿಗೆ ಕಾಣುವುದು ಹೆಚ್ಚಾಗಿ ಕಪ್ಪು ನೆರಳು. ಕಪ್ಪೆ ಬೇಡ, ಮೀನಿನಾಕಾರದ ಲೂರ್ ಬೇಕು ಎನ್ನುವವರಿಗೆ ಹಗುರವಾದ ಹಾಲುವಾಣದ ಮರವಿದೆ. ಕುಣಿಗಲ್‌ನಿಂದ ದೂರವಲ್ಲದ ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಅರಗಿನ ಮೆರುಗು ಹಚ್ಚುವ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಮೀನಿನಾಕಾರದ ಲೂರ್ ಕಡೆಯುವುದು ಆ ಕೈಗಳಿಗೆ ದೊಡ್ಡ ಮಾತಲ್ಲ.

ಕಪ್ಪೆ ಸಿದ್ಧವಾದ ಮೇಲೆ ತಕ್ಕಡಿಗೆ ಹಾಕಿ. ಸಾಮಾನ್ಯವಾಗಿ 10ರಿಂದ 20 ಗ್ರಾಂ ಒಳಗೆ ಬರುತ್ತದೆ. ಕೋಲಿನ ಹಿಡಿಕೆಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಅದು ಎಷ್ಟು ತೂಕದ ಲೂರ್ ಎಸೆಯಬಲ್ಲದು, ಎಷ್ಟು ಪೌಂಡಿನ ದಾರ ತಾಳಬಲ್ಲದು ಎಂದು ಅಚ್ಚು ಹಾಕಿರುತ್ತಾರೆ. ಜಾಹೀರಾತು ಬಿಟ್ಟು ಇದನ್ನು ಓದಿದರೆ ಅರ್ಧ ಆಯ್ಕೆ ಮುಗಿದಂತೆ. ಲೂರ್ ತೂಕ 7ರಿಂದ 21 ಗ್ರಾಂ, ದಾರ 10ರಿಂದ 20 ಪೌಂಡ್, ಉದ್ದ ಆರೂವರೆಯಿಂದ ಏಳು ಅಡಿ, ಬಿಗಿ ‘ಮೀಡಿಯಂ ಹೆವಿ’ ಇರುವ ಕೋಲು ನಮ್ಮ ಕೆರೆಗಳಿಗೆ ಸರಿಹೋಗುತ್ತದೆ. ಇದಕ್ಕಿಂತ ಮೆದುವಾದರೆ ಕಚ್ಚಿದ ಕೊರವ ಜೊಂಡಿನೊಳಗೆ ನುಗ್ಗುವುದನ್ನು ತಡೆಯಲಾಗದು. ಇದಕ್ಕಿಂತ ಬಿರುಸಾದರೆ ಕೈಯಲ್ಲಿ ಮಾಡಿದ ಹಗುರ ಕಪ್ಪೆ ದೂರ ಹೋಗದು. ದಾರ ಹಾಯುವ ಉಂಗುರಗಳ ಒಳಗೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಅದು ದಾರ ಕೊಯ್ಯುತ್ತದೆ. ಇಂಥ ಫೈಬರ್‌ಗ್ಲಾಸ್ ಕೋಲು, ರೀಲ್ ಎರಡೂ ಸೇರಿ ಒಂದೆರಡು ಸಾವಿರ ರೂಪಾಯಿಯಲ್ಲಿ ಸಿಗುತ್ತವೆ. ಉಳಿದ ದುಡ್ಡನ್ನು ಗಟ್ಟಿಯಾದ ಹೆಣೆದ ದಾರಕ್ಕೂ ಚೂಪಾದ ಕೊಕ್ಕೆಗೂ ಹಾಕುವುದು ಮೇಲು. ಮೀನಿಗೆ ತಾಗುವುದು ಅವೆರಡೇ.

ಅಗ್ಗದ ಕೋಲು ಬೇಗ ಮುರಿಯುತ್ತದೆ, ಒಮ್ಮೆಗೇ ಕಾರ್ಬನ್ ಕೊಂಡರೆ ಲೇಸು ಎನ್ನುವವರಿದ್ದಾರೆ. ಕಾರ್ಬನ್ ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ ಎಂಬುದು ನಿಜ. ದಿನವಿಡೀ ಸ್ಪರ್ಧೆಯಲ್ಲಿ ಎಸೆಯುವವರಿಗೆ ಆ ವ್ಯತ್ಯಾಸ ದೊಡ್ಡದು. ಆದರೆ ಕೊರವ ನೀರಿನ ಮೇಲೆಯೇ ಸದ್ದು ಮಾಡಿ ಬಡಿಯುತ್ತದೆ, ಅದನ್ನು ತಿಳಿಯಲು ಕಣ್ಣು ಸಾಕು. ಪೆಟ್ಟು, ಬಾಗು ತಾಳುವುದರಲ್ಲಿ ಗಾಜುನಾರು ಕಾರ್ಬನ್‌ಗಿಂತ ಗಟ್ಟಿ. ಇನ್ನೊಂದು ಕಾರಣವೂ ಇದೆ. ನಮ್ಮ ಕೆರೆಗಳ ಅಂಚಿನಲ್ಲಿ, ಅಚ್ಚುಕಟ್ಟಿನಲ್ಲಿ ಪಂಪ್‌ಸೆಟ್‌ಗಳ ವಿದ್ಯುತ್ ತಂತಿಗಳು ಜೋತಾಡುತ್ತಿರುತ್ತವೆ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಏಳಡಿ ಕೋಲನ್ನು ತಲೆಯ ಮೇಲೆ ಬೀಸುವವರು ಇದನ್ನು ಮರೆಯುವಂತಿಲ್ಲ. ಒದ್ದೆಯಾದರೆ ಬಿದಿರೂ ಗಾಜುನಾರೂ ನಂಬುವಂಥವಲ್ಲ. ಕೋಲು ಯಾವುದಾದರೂ ತಂತಿಯ ಕೆಳಗೆ ನಿಂತು ಎಸೆಯಬಾರದು.

ಎರೆಹುಳು ಪುಕ್ಕಟೆ ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನುವ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಜಿಲೇಬಿ ಮೀನು, ಗೆಂಡೆ ಬೇಕಾದವರಿಗೆ ಎರೆಹುಳು, ಹಿಟ್ಟು ಸಾಕು; ಲೂರ್ ಅವರಿಗೆ ಬೇಡ. ಆದರೆ ಕೊರವಕ್ಕೆಂದು ಜೀವಂತ ಕಪ್ಪೆಯನ್ನೇ ಕೊಕ್ಕೆಗೆ ಚುಚ್ಚುವ ರೂಢಿಯಿದೆ. ಗದ್ದೆಯ ಕೀಟ ತಿನ್ನುವ ಕಪ್ಪೆಗಳು ಕಡಿಮೆಯಾಗುತ್ತಿವೆ ಎಂಬ ಕಳವಳದಿಂದ ಭಾರತ 1987ರಲ್ಲಿ ಕಪ್ಪೆ ಕಾಲುಗಳ ರಫ್ತನ್ನೇ ನಿಲ್ಲಿಸಿತು. ಚಪ್ಪಲಿ ಅಟ್ಟೆಯ ಕಪ್ಪೆ ಆ ಜೀವಹಿಂಸೆಯನ್ನು ತಪ್ಪಿಸುತ್ತದೆ, ಒಮ್ಮೆ ಮಾಡಿದರೆ ಬಹಳ ದಿನ ಬಾಳುತ್ತದೆ. ಕೆರೆಯಲ್ಲಿ ಕಳೆದುಹೋದ ರಬ್ಬರ್ ಕಸವಾಗುತ್ತದೆ ಎಂಬ ಮಾತು ಒಪ್ಪತಕ್ಕದ್ದೇ. ಅದಕ್ಕೇ ಗಟ್ಟಿ ದಾರ ಮುಖ್ಯ, ತೂಕಕ್ಕೆ ಸೀಸದ ಬದಲು ಕಬ್ಬಿಣದ ತಂತಿ ಮೇಲು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು: ಕೆರೆಯ ಮೀನು ಯಾರದು? ಬಹುತೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಮರಿ ತಂದು ಬಿಟ್ಟವರ, ಮೀನುಗಾರರ ಸಹಕಾರ ಸಂಘಗಳ ಬದುಕು ಅದರ ಮೇಲೆ ನಿಂತಿದೆ. ಹವ್ಯಾಸದ ಹೆಸರಿನಲ್ಲಿ ಅವರ ಕಾಟ್ಲಾ ಎಳೆದುಕೊಂಡು ಹೋಗುವುದು ಕಳ್ಳತನವೇ. ಕೊರವದ ಲೆಕ್ಕ ಸ್ವಲ್ಪ ಬೇರೆ, ಏಕೆಂದರೆ ಬಿಟ್ಟ ಮರಿಗಳನ್ನು ನುಂಗುವ ಈ ಮೀನು ಗೆಂಡೆ ಸಾಕುವವರಿಗೆ ತಲೆನೋವು. ಬೇಟೆ ಮೀನಿಗೆಂದೇ ಮಾಡಿದ ಕಪ್ಪೆಯನ್ನು ಗೆಂಡೆಗಳು ಮುಟ್ಟುವುದು ಅಪರೂಪ. ಆದರೂ ಜೀವಂತವಾಗಿ ಮಾರುಕಟ್ಟೆಗೆ ಹೋದರೆ ಒಳ್ಳೆಯ ಬೆಲೆ ತರುವ ಮೀನಿದು. ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಅದನ್ನೂ ಮುಟ್ಟಕೂಡದು. ಬುಗುಡನಹಳ್ಳಿಯಂಥ ಕುಡಿಯುವ ನೀರಿನ ಕೆರೆಗೆ ಅಲ್ಲಿಯ ಕಟ್ಟುಪಾಡು ಬೇರೆಯೇ ಇರುತ್ತದೆ. ಕೇಳಿ ತಿಳಿದುಕೊಂಡು ಹೋಗುವುದು ಕ್ಷೇಮ.

ಆದ್ದರಿಂದ ಗಾಳದ ಗೀಳು ಹತ್ತಿದವರು ಕಾರ್ಡು ಉಜ್ಜುವ ಮುಂಚೆ ಕತ್ತರಿ ಹಿಡಿಯಲಿ. ಕಪ್ಪೆ ಮಾಡಿ, ತೂಗಿ, ಬಕೆಟ್‌ನಲ್ಲಿ ಆಡಿಸಿ, ಆಮೇಲೆ ಅದಕ್ಕೆ ತಕ್ಕ ಕೋಲು ತರಲಿ. ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಬಣ್ಣದ ಪುಟ್ಟ ಮರಿಗಳ ಗುಂಪೊಂದು ಕುದಿಯುವಂತೆ ಕಂಡರೆ ಅದರ ಕೆಳಗೆ ಕಾವಲಿಗೆ ತಾಯಿತಂದೆ ಕೊರವಗಳಿರುತ್ತವೆ. ಹತ್ತಿರ ಬಿದ್ದದ್ದನ್ನೆಲ್ಲ ಅವು ಹಸಿವಿಲ್ಲದಿದ್ದರೂ ಬಡಿಯುತ್ತವೆ. ಆಗ ಹಿಡಿಯುವುದು ಸುಲಭ, ಆದರೆ ಕಾವಲು ತಪ್ಪಿದ ಮರಿಗಳು ಉಳಿದ ಮೀನುಗಳಿಗೆ ಆಹಾರವಾಗುತ್ತವೆ. ಅಲ್ಲಿ ಲೂರ್ ಎಸೆಯಬೇಡಿ.